ಬಡಿಸುವ ಕೈಗೂ ಒಂದು ಪಾಲು

(ಶಿವಮೊಗ್ಗದ ಗೋಪಾಳದಲ್ಲಿ ಸೇರಿದ್ದ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳು)



ಪ್ರತಿ ಸಭೆಯಲ್ಲೂ ನಾವು ಉಳಿತಾಯ, ಸಾಲ, ಮರುಪಾವತಿ ಇವುಗಳ ಲೆಕ್ಕ ಮಾತಾಡುತ್ತೇವೆ. ಒಂದು ರೂಪಾಯಿ ಹೆಚ್ಚುಕಡಿಮೆ ಆದರೂ ಪುಸ್ತಕ ತೆಗೆದು ಎರಡೆರಡು ಸಲ ಕೂಡಿಸಿ ನೋಡುತ್ತೇವೆ. ಇವತ್ತು ಬೇರೆ ಒಂದು ಲೆಕ್ಕ ಮಾತಾಡೋಣ. ಈ ಲೆಕ್ಕವನ್ನು ನಾವು ಯಾವ ಪುಸ್ತಕದಲ್ಲೂ ಬರೆದಿಟ್ಟಿಲ್ಲ.

ಕಳೆದ ಸಲ ನಿಮ್ಮ ಮನೆಯಲ್ಲಿ ಮಟನ್ ಸಾರು ಮಾಡಿದ್ದು ಯಾವತ್ತು? ಎಷ್ಟು ತಂದಿದ್ದಿರಿ? ಯಾರಿಗೆ ಎಷ್ಟು ತುಂಡು ಬಡಿಸಿದಿರಿ? ಕೊನೆಗೆ ನಿಮ್ಮ ತಟ್ಟೆಗೆ ಎಷ್ಟು ಬಂತು?

ಈ ಪ್ರಶ್ನೆಯನ್ನು ನಾವು ಹಲವು ಸಂಘಗಳಲ್ಲಿ ಕೇಳಿದ್ದೇವೆ. ಮೊದಲು ಎಲ್ಲರೂ ನಗುತ್ತಾರೆ. ಆಮೇಲೆ ಒಬ್ಬೊಬ್ಬರೇ ಹೇಳುತ್ತಾರೆ. “ಅವರಿಗೆ ಆರು ತುಂಡು, ಮಗನಿಗೆ ಐದು, ಮಾವನಿಗೆ ಮೆತ್ತಗಿರೋದು ನೋಡಿ ನಾಲ್ಕು, ಮಗಳಿಗೆ ಎರಡು.” ನಿಮಗೆ ಅಂತ ಕೇಳಿದರೆ, “ನಮಗೇನು ಬಿಡಿ, ತಳದಲ್ಲಿ ಸಾರು ಇತ್ತು, ಒಂದು ಮೂಳೆ ಇತ್ತು” ಅಂತಾರೆ. ಮಾರನೇ ದಿನ ಬೆಳಿಗ್ಗೆ ಉಳಿದ ಸಾರಿಗೆ ರೊಟ್ಟಿ ಅದ್ದಿಕೊಂಡು ತಿಂದೆವು ಅನ್ನುವವರೂ ಇದ್ದಾರೆ. ಆ ಸಾರಿನ ರುಚಿ ಎಲ್ಲಕ್ಕಿಂತ ಚೆನ್ನಾಗಿರುತ್ತೆ ಅಂತಲೂ ಹೇಳುತ್ತಾರೆ. ಇರಬಹುದು. ಆದರೆ ರುಚಿ ಬೇರೆ, ಸತ್ವ ಬೇರೆ.

ಒಂದು ಸಭೆಯಲ್ಲಿ ಒಬ್ಬ ಸಹೋದರಿ, “ನನಗೆ ಮಟನ್ ಅಷ್ಟು ಇಷ್ಟ ಇಲ್ಲ” ಅಂದರು. ಪಕ್ಕದಲ್ಲಿ ಕೂತಿದ್ದ ಅವರ ತಂಗಿ ಕೂಡಲೇ, “ಸುಳ್ಳು, ತವರುಮನೆಯಲ್ಲಿ ನನ್ನ ಪಾಲೂ ಇವಳೇ ತಿಂತಿದ್ಲು” ಅಂದುಬಿಟ್ಟರು. ಎಲ್ಲರೂ ನಕ್ಕರು. ಆ ಸಹೋದರಿ ಮಾತ್ರ ನಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, “ಮದುವೆಯಾಗಿ ಬಂದ ಮನೆಯಲ್ಲಿ ಎಂಟು ಜನ. ತುಂಡು ಸಾಲ್ತಿರಲಿಲ್ಲ. ಇಷ್ಟ ಇಲ್ಲ ಅಂದ್ರೆ ಯಾರಿಗೂ ಬೇಜಾರಾಗಲ್ಲ ಅಂತ ಹಾಗೆ ಹೇಳ್ತಾ ಬಂದೆ. ಈಗ ಅದೇ ಅಭ್ಯಾಸ ಆಗಿದೆ” ಅಂದರು. ಆಮೇಲೆ ಆಕೆಯ ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ ಏಳರ ಆಸುಪಾಸು ಇತ್ತು. ಕನಿಷ್ಠ 12 ಇರಬೇಕಾದದ್ದು ಅದು. ಇಷ್ಟು ವರ್ಷ ಮೆಟ್ಟಿಲು ಹತ್ತಿದರೆ ಏದುಸಿರು ಬರುವುದನ್ನು ಆಕೆ ವಯಸ್ಸಾಯಿತು ಅಂದುಕೊಂಡಿದ್ದರು.

ತುಂಡು ತಿನ್ನದೇ ಇದ್ದದ್ದರಿಂದಲೇ ರಕ್ತ ಕಡಿಮೆಯಾಯಿತು ಎಂದು ನಾವು ಹೇಳುವುದಿಲ್ಲ. ರಕ್ತಹೀನತೆಗೆ ಹಲವು ಕಾರಣಗಳಿವೆ. ಆದರೆ ಮನೆಯ ಒಳ್ಳೆಯ ಆಹಾರ ಯಾರ ತಟ್ಟೆಗೆ ಬರುವುದಿಲ್ಲವೋ ಅವರಿಗೇ ಅದರ ಅಗತ್ಯ ಹೆಚ್ಚು ಇರುತ್ತದೆ ಎಂಬುದನ್ನು ಆ ದಿನ ನಾವು ಕಣ್ಣಾರೆ ಕಂಡೆವು. ಅದಕ್ಕೇ ಈ ಮಾತು.

ಬೆಂದ ಮಾಂಸದಲ್ಲಿ ಏನಿದೆ?

ನಮ್ಮ ಕಡೆ ಮಟನ್ ಅಂದರೆ ಕುರಿಯೂ ಹೌದು, ಮೇಕೆಯೂ ಹೌದು. ಅಂಗಡಿಯಲ್ಲಿ ಎರಡಕ್ಕೂ ಒಂದೇ ಹೆಸರು. ಆದರೆ ಸತ್ವದಲ್ಲಿ ಸ್ವಲ್ಪ ವ್ಯತ್ಯಾಸ ಇದೆ. ಮೂಳೆ ಇಲ್ಲದ, ಬೆಂದ 100 ಗ್ರಾಂ ಕುರಿಮರಿ ಮಾಂಸದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್, 16 ಗ್ರಾಂ ಕೊಬ್ಬು, 2 ಮಿಲಿಗ್ರಾಂನಷ್ಟು ಕಬ್ಬಿಣಾಂಶ, ನಾಲ್ಕೂವರೆ ಮಿಲಿಗ್ರಾಂ ಸತು ಇರುತ್ತದೆ. ಶಕ್ತಿ ಸುಮಾರು 250 ಕ್ಯಾಲೊರಿ. ಅಷ್ಟೇ ತೂಕದ ಬೆಂದ ಮೇಕೆ ಮಾಂಸದಲ್ಲಿ ಪ್ರೋಟೀನ್ 27 ಗ್ರಾಂ, ಕಬ್ಬಿಣಾಂಶ ಮೂರೂವರೆ ಮಿಲಿಗ್ರಾಂಗಿಂತ ಸ್ವಲ್ಪ ಹೆಚ್ಚು. ಕೊಬ್ಬು ಮಾತ್ರ 3 ಗ್ರಾಂ, ಶಕ್ತಿ ಸುಮಾರು 140 ಕ್ಯಾಲೊರಿ. ಪ್ರಾಣಿಯ ವಯಸ್ಸು, ಮೇವು, ಕತ್ತರಿಸಿದ ಭಾಗ ಇವುಗಳ ಮೇಲೆ ಈ ಅಂಕಿ ಹೆಚ್ಚುಕಡಿಮೆ ಆಗುತ್ತದೆ.

ಇವುಗಳ ಜೊತೆಗೆ ಬಿ-12 ಎಂಬ ಜೀವಸತ್ವ ಇದೆ. ರಕ್ತ ತಯಾರಾಗಲು, ನರಗಳು ಸರಿಯಾಗಿ ಕೆಲಸ ಮಾಡಲು ಇದು ಬೇಕೇ ಬೇಕು. ಸೊಪ್ಪು, ಕಾಳು, ಅಕ್ಕಿ, ರಾಗಿಯಲ್ಲಿ ಇದು ಸಿಗುವುದಿಲ್ಲ. ಮಾಂಸ, ಮೀನು, ಮೊಟ್ಟೆ, ಹಾಲು, ಮೊಸರಿನಲ್ಲಿ ಮಾತ್ರ ಸಿಗುತ್ತದೆ. ಕೈಕಾಲು ಜೋಮು ಹಿಡಿಯುವುದು, ಪಾದದಲ್ಲಿ ಇರುವೆ ಹರಿದ ಹಾಗೆ ಆಗುವುದು, ಮರೆವು, ಬಾಯಿಹುಣ್ಣು ಇವುಗಳಿಗೆ ಕೆಲವೊಮ್ಮೆ ಇದರ ಕೊರತೆಯೇ ಕಾರಣವಾಗಿರುತ್ತದೆ.

ಇಲ್ಲಿ ಒಂದು ವಿಷಯ ನೆನಪಿಡಬೇಕು. ಮೇಲೆ ಹೇಳಿದ್ದು ಬೆಂದ ಮಾಂಸದ ಲೆಕ್ಕ. ಅಂಗಡಿಯಿಂದ ಅರ್ಧ ಕಿಲೋ ತಂದರೆ ಅದರಲ್ಲಿ ಕಾಲು ಭಾಗದಷ್ಟು ಮೂಳೆ. ಉಳಿದದ್ದು ಬೇಯುವಾಗ ನೀರು, ಕೊಬ್ಬು ಬಿಟ್ಟು ಕಾಲು ಭಾಗಕ್ಕೂ ಹೆಚ್ಚು ಇಳಿಯುತ್ತದೆ. ಕೊನೆಗೆ ಪಾತ್ರೆಯಲ್ಲಿ ಇರುವ ಮಾಂಸ 270 ಗ್ರಾಂ ಆಸುಪಾಸು. ಆರು ಜನರ ಮನೆಯಲ್ಲಿ ಸಮನಾಗಿ ಹಂಚಿದರೆ ತಲೆಗೆ 45 ಗ್ರಾಂ, ಅಂದರೆ ಮೂರು ನಾಲ್ಕು ಸಣ್ಣ ತುಂಡು. ಅಷ್ಟರಲ್ಲಿ 11 ಗ್ರಾಂನಷ್ಟು ಪ್ರೋಟೀನ್, ಒಂದರಿಂದ ಒಂದೂವರೆ ಮಿಲಿಗ್ರಾಂ ಕಬ್ಬಿಣಾಂಶ ಸಿಗುತ್ತದೆ. ಕುರಿಯದಾದರೆ ಆ ದಿನಕ್ಕೆ ಬೇಕಾದ ಬಿ-12ರಲ್ಲಿ ಅರ್ಧದಷ್ಟು ಬಂದುಬಿಡುತ್ತದೆ. ಬರೀ ಸಾರು ಉಂಡವರಿಗೆ? ಸಾರಿನಲ್ಲಿ ಸ್ವಲ್ಪ ಕೊಬ್ಬು, ಉಪ್ಪು, ಮಸಾಲೆ, ಇಳಿದುಬಂದ ಸ್ವಲ್ಪ ಜೀವಸತ್ವ ಇರುತ್ತದೆ. ಪ್ರೋಟೀನ್, ಕಬ್ಬಿಣಾಂಶದ ಬಹುಪಾಲು ತುಂಡಿನಲ್ಲೇ ಉಳಿದಿರುತ್ತದೆ.

ಭದ್ರಾವತಿಯ ಕಬ್ಬಿಣ, ನಮ್ಮ ರಕ್ತದ ಕಬ್ಬಿಣ

ಇಲ್ಲಿಂದ ಇಪ್ಪತ್ತು ಕಿಲೋಮೀಟರ್ ಆಸುಪಾಸಿನಲ್ಲಿ ಭದ್ರಾವತಿ ಇದೆ. ಮೈಸೂರು ಸಂಸ್ಥಾನದ ಕಾಲದಲ್ಲಿ, 1923ರಲ್ಲಿ ಅಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸ ಶುರು ಮಾಡಿತು. ಅದರ ಹಿಂದೆ ಸರ್ ಎಂ. ವಿಶ್ವೇಶ್ವರಯ್ಯನವರ ದುಡಿಮೆ ಇತ್ತು. ಕೆಮ್ಮಣ್ಣುಗುಂಡಿಯ ಬೆಟ್ಟದಿಂದ ಅದಿರು ತಂದು ಕರಗಿಸಿ ಕಬ್ಬಿಣ ಮಾಡಿದರು. ನಮ್ಮಲ್ಲಿ ಎಷ್ಟೋ ಮನೆಗಳ ಹಿರಿಯರು ಅಲ್ಲಿ ದುಡಿದವರೇ. ಇಂಥ ಕಬ್ಬಿಣದ ಸೀಮೆಯಲ್ಲಿ ಹುಟ್ಟಿ ಬೆಳೆದ ನಮ್ಮ ರಕ್ತದಲ್ಲೇ ಕಬ್ಬಿಣ ಸಾಲದು ಅಂದರೆ ಏನು ಹೇಳುವುದು?

ಒಬ್ಬ ಹೆಂಗಸಿನ ಮೈಯಲ್ಲಿ ಒಟ್ಟು ಇರುವ ಕಬ್ಬಿಣ ಎರಡೂವರೆ ಗ್ರಾಂ ಆಸುಪಾಸು, ಒಂದು ಸಣ್ಣ ಮೊಳೆಯ ತೂಕ ಅಷ್ಟೆ. ಅದರಲ್ಲಿ ಹೆಚ್ಚಿನದು ರಕ್ತದ ಹಿಮೋಗ್ಲೋಬಿನ್‌ನಲ್ಲಿ ಇರುತ್ತದೆ. ನಾವು ಉಸಿರಾಡಿದ ಗಾಳಿಯ ಆಮ್ಲಜನಕವನ್ನು ಹೊತ್ತುಕೊಂಡು ಮೈಯೆಲ್ಲಾ ತಲುಪಿಸುವುದು ಇದೇ. ಇದು ಕಡಿಮೆಯಾದರೆ ಸುಸ್ತು, ತಲೆಸುತ್ತು, ಏದುಸಿರು, ಎದೆ ಬಡಿತ, ಕೆಲಸದಲ್ಲಿ ಮನಸ್ಸಿಲ್ಲದಿರುವುದು. ಮಕ್ಕಳಿಗಾದರೆ ಓದು ತಲೆಗೆ ಹತ್ತುವುದಿಲ್ಲ. ಬಸುರಿಯರಿಗಾದರೆ ಹೆರಿಗೆ ಸಮಯದಲ್ಲಿ ಜೀವಕ್ಕೇ ಅಪಾಯ. ಮಗು ಕಡಿಮೆ ತೂಕದಲ್ಲಿ ಹುಟ್ಟಬಹುದು.

2019ರಿಂದ 2021ರವರೆಗೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ಅಂದರೆ ಈ ಸಭೆಯಲ್ಲಿ ಕೂತಿರುವ ಇಬ್ಬರಲ್ಲಿ ಒಬ್ಬರಿಗೆ ಅಂತ ಇಟ್ಟುಕೊಳ್ಳಿ. ನಿಮ್ಮ ಎಡಗಡೆ ಕೂತವರನ್ನು ಒಮ್ಮೆ ನೋಡಿ. ಅವರಿಗೆ ಇಲ್ಲದಿದ್ದರೆ ನಿಮಗೆ ಇರಬಹುದು. ಗಂಡಸರಲ್ಲಿ ಇದು ಸುಮಾರು ಐವರಲ್ಲಿ ಒಬ್ಬರಿಗೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಮೂವರಲ್ಲಿ ಇಬ್ಬರಿಗೆ.

ಹೆಂಗಸರಿಗೆ ಯಾಕೆ ಹೆಚ್ಚು? ತಿಂಗಳು ತಿಂಗಳು ಮುಟ್ಟಿನಲ್ಲಿ ರಕ್ತ ಹೋಗುತ್ತದೆ. ಸಾಮಾನ್ಯವಾಗಿ ಒಂದು ತಿಂಗಳಿಗೆ ಹದಿನೈದು ಇಪ್ಪತ್ತು ಮಿಲಿಗ್ರಾಂ ಕಬ್ಬಿಣ ಹೀಗೆ ಹೋಗುತ್ತದೆ. ಹೆಚ್ಚು ರಕ್ತಸ್ರಾವ ಇರುವವರಿಗೆ ಇನ್ನೂ ಹೆಚ್ಚು. ಒಂದು ಬಸಿರಿಗೆ ಸುಮಾರು ಒಂದು ಗ್ರಾಂ ಕಬ್ಬಿಣ ಬೇಕು. ಅದಕ್ಕಾಗಿಯೇ ನಮ್ಮ ದೇಶದ ಪೌಷ್ಟಿಕ ತಜ್ಞರು 2020ರಲ್ಲಿ ನಿಗದಿ ಮಾಡಿದ ಪ್ರಮಾಣದಲ್ಲಿ ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣಾಂಶ, ಹೆಂಗಸಿಗೆ 29 ಮಿಲಿಗ್ರಾಂ ಅಂತ ಇದೆ. ಅಕ್ಕಿ, ರಾಗಿ, ಸೊಪ್ಪು, ಕಾಳು, ಮಾಂಸ ಎಲ್ಲಾ ಸೇರಿ ಒಂದು ದಿನದ ಊಟದಲ್ಲಿ ಇರಬೇಕಾದದ್ದು ಇದು. ಗಂಡಸಿಗಿಂತ ಹೆಂಗಸಿಗೆ 10 ಮಿಲಿಗ್ರಾಂ ಹೆಚ್ಚು ಬೇಕು. ಅನ್ನ ಮುದ್ದೆ ದುಡಿಮೆಗೆ ತಕ್ಕ ಹಾಗೆ ಗಂಡಸಿಗೆ ಹೆಚ್ಚು ಇರಲಿ, ಅದು ನ್ಯಾಯವೇ. ಆದರೆ ಕಬ್ಬಿಣಾಂಶ ಇರುವ ಪದಾರ್ಥದಲ್ಲಿ ನಮ್ಮ ಪಾಲು ಅವರಿಗಿಂತ ಹೆಚ್ಚಿರಬೇಕಿತ್ತು. ನಮ್ಮ ಮನೆಗಳಲ್ಲಿ ಇದು ತಲೆಕೆಳಗಾಗಿದೆ.

ನಾಲ್ಕು ತುಂಡಿನ ಕೆಲಸ

“ಒಂದೂವರೆ ಮಿಲಿಗ್ರಾಂನಿಂದ ಏನಾಗುತ್ತೆ, 29 ಬೇಕಲ್ವಾ?” ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಉತ್ತರ ಎರಡು ಭಾಗದಲ್ಲಿದೆ.

ಮೊದಲನೆಯದು, ಮಾಂಸದ ಕಬ್ಬಿಣದಲ್ಲಿ ಒಂದು ಪಾಲು ರಕ್ತದ ರೂಪದಲ್ಲೇ ಇರುತ್ತದೆ. ಅದನ್ನು ನಮ್ಮ ಕರುಳು ಸುಲಭವಾಗಿ ಹೀರಿಕೊಳ್ಳುತ್ತದೆ. ಸೊಪ್ಪು, ಕಾಳು, ರಾಗಿಯಲ್ಲಿರುವ ಕಬ್ಬಿಣ ಹಾಗಲ್ಲ. ತಿಂದದ್ದರಲ್ಲಿ ಸ್ವಲ್ಪವೇ ಮೈಗೆ ಹತ್ತುತ್ತದೆ, ಉಳಿದದ್ದು ಹೊರಗೆ ಹೋಗುತ್ತದೆ.

ಎರಡನೆಯದು ಇನ್ನೂ ಮುಖ್ಯ. ಒಂದೇ ಊಟದಲ್ಲಿ ಸ್ವಲ್ಪ ಮಾಂಸ ಇದ್ದರೆ ಅದರ ಜೊತೆ ತಿಂದ ಸೊಪ್ಪು, ಕಾಳಿನ ಕಬ್ಬಿಣವೂ ಹೆಚ್ಚು ಮೈಗೆ ಹತ್ತುತ್ತದೆ. ಮಾಂಸ ತಾನು ಒಳಗೆ ಹೋಗುವಾಗ ಸೊಪ್ಪಿನ ಕೈಯನ್ನೂ ಹಿಡಿದುಕೊಂಡು ಹೋಗುತ್ತದೆ ಅನ್ನಿ. ಆದ್ದರಿಂದ ಬರೀ ಮಟನ್ ಮತ್ತು ಬಿಳಿ ಅನ್ನ ಅನ್ನುವುದಕ್ಕಿಂತ ಮಟನ್ ಸಾರಿಗೆ ಹುರುಳಿ ಕಾಳು, ಅವರೆಕಾಳು, ದಂಟಿನ ಸೊಪ್ಪು, ನುಗ್ಗೆ ಸೊಪ್ಪು ಹಾಕಿ ಮಾಡಿದರೆ ಲಾಭ ದುಪ್ಪಟ್ಟು. ಅರ್ಧ ಕಿಲೋ ಮಾಂಸ ಆರು ಜನಕ್ಕೆ ಸಾಲುತ್ತದೆ, ಸಾರೂ ಗಟ್ಟಿಯಾಗುತ್ತದೆ. ನಮ್ಮ ಅಜ್ಜಿಯರು ಕಾಳು ಹಾಕಿ ಬಾಡಿನ ಸಾರು ಮಾಡುತ್ತಿದ್ದದ್ದು ಬಡತನಕ್ಕೆ ಅಂದುಕೊಂಡಿದ್ದೆವು. ಅದರಲ್ಲಿ ಜಾಣತನವೂ ಇತ್ತು.

ಊಟದ ಜೊತೆಗೆ ಅರ್ಧ ನಿಂಬೆಹಣ್ಣು ಹಿಂಡಿಕೊಳ್ಳಿ. ಊಟ ಆದ ಮೇಲೆ ಒಂದು ಪೇರಲೆ ಹಣ್ಣು ಅಥವಾ ನೆಲ್ಲಿಕಾಯಿ ತಿನ್ನಿ. ಇವುಗಳಲ್ಲಿರುವ ಸಿ ಜೀವಸತ್ವ ಕಬ್ಬಿಣವನ್ನು ಒಳಗೆ ಎಳೆದುಕೊಳ್ಳುತ್ತದೆ. ಟೀ, ಕಾಫಿ ಇದರ ವೈರಿಗಳು. ಊಟದ ಜೊತೆಗೆ, ಊಟ ಆದ ತಕ್ಷಣ ಕುಡಿಯಬೇಡಿ. ಒಂದೆರಡು ಗಂಟೆ ಬಿಟ್ಟು ಕುಡಿಯಿರಿ. ಸಾಧ್ಯವಾದರೆ ಸಾರನ್ನು, ಪಲ್ಯವನ್ನು ಕಬ್ಬಿಣದ ಬಾಣಲೆಯಲ್ಲಿ ಮಾಡಿ. ಟೊಮೆಟೊ, ಹುಣಸೆಹುಳಿ ಹಾಕಿ ಕಬ್ಬಿಣದ ಪಾತ್ರೆಯಲ್ಲಿ ಬೇಯಿಸಿದರೆ ಪಾತ್ರೆಯ ಕಬ್ಬಿಣವೂ ಸ್ವಲ್ಪ ಅಡುಗೆಗೆ ಇಳಿಯುತ್ತದೆ. ಆದರೆ ಬೆಂದ ಮೇಲೆ ಬೇರೆ ಪಾತ್ರೆಗೆ ಬಗ್ಗಿಸಿಡಿ.

ಲಿವರ್, ಕಾಲು ಸೂಪು

ಕುರಿಯ ಲಿವರ್‌ನಲ್ಲಿ ಮಾಂಸಕ್ಕಿಂತ ನಾಲ್ಕು ಪಟ್ಟು ಕಬ್ಬಿಣ ಇದೆ, ಬೆಂದ 100 ಗ್ರಾಂಗೆ ಸುಮಾರು 8 ಮಿಲಿಗ್ರಾಂ. ಬಿ-12 ಅಂತೂ ಬಹಳ ಹೆಚ್ಚು. ಬೆಂದ ಕೋಳಿ ಲಿವರ್‌ನಲ್ಲೂ 100 ಗ್ರಾಂಗೆ 11 ಮಿಲಿಗ್ರಾಂವರೆಗೆ ಕಬ್ಬಿಣ ಇರುತ್ತದೆ, ಬೆಲೆಯೂ ಮಟನ್‌ಗಿಂತ ಎಷ್ಟೋ ಕಡಿಮೆ. ಮಟನ್ ತರಲು ಆಗದ ವಾರ ಕಾಲು ಕಿಲೋ ಕೋಳಿ ಲಿವರ್ ತಂದು ಈರುಳ್ಳಿ, ಮೆಂತ್ಯ ಸೊಪ್ಪು ಹಾಕಿ ಹುರಿಯಬಹುದು. ಆದರೆ ಒಂದು ಎಚ್ಚರಿಕೆ. ಯಾವ ಲಿವರ್ ಆದರೂ ಅದರಲ್ಲಿ ಎ ಜೀವಸತ್ವ ತುಂಬಾ ಹೆಚ್ಚು. ಅತಿಯಾದರೆ ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಆಗಬಹುದು. ಹಾಗಾಗಿ ಬಸುರಿಯರು, ಅದರಲ್ಲೂ ಮೊದಲ ಮೂರು ತಿಂಗಳಲ್ಲಿ, ಲಿವರ್ ತಿನ್ನದೇ ಇರುವುದು ಒಳ್ಳೆಯದು. ಅವರಿಗೆ ಮಾಂಸದ ತುಂಡನ್ನೇ ಕೊಡಿ. ಉಳಿದವರಿಗೂ ವಾರಕ್ಕೆ ಒಮ್ಮೆ ಸ್ವಲ್ಪ ಸಾಕು.

ಬಾಣಂತಿಗೆ ಕಾಲು ಸೂಪು ಕೊಡುವ ಪದ್ಧತಿ ಇದೆ. ಬಿಸಿಬಿಸಿಯಾಗಿ ಕುಡಿಯಲು ಹಿತ, ಬಾಯಿಗೆ ರುಚಿ. ಆದರೆ ಮೂಳೆ ಬೇಯಿಸಿದ ನೀರಿನಿಂದ ಮೂಳೆ ಗಟ್ಟಿಯಾಗುತ್ತೆ ಅನ್ನುವ ನಂಬಿಕೆ ಪೂರ್ತಿ ಸರಿಯಲ್ಲ. ಮೂಳೆಯ ಸುಣ್ಣದ ಅಂಶ ನೀರಿಗೆ ಬಿಡುವುದು ಬಹಳ ಕಡಿಮೆ. ನಿಜವಾಗಿ ಕ್ಯಾಲ್ಸಿಯಂ ಬೇಕಾದರೆ ರಾಗಿ ಇದೆ. 100 ಗ್ರಾಂ ರಾಗಿಯಲ್ಲಿ 360 ಮಿಲಿಗ್ರಾಂ ಆಸುಪಾಸು ಇರುತ್ತದೆ. ಹಾಲು, ಮೊಸರು, ಎಳ್ಳು ಇವೆ. ಸೂಪು ಕೊಡಿ, ಬೇಡ ಅನ್ನುವುದಿಲ್ಲ. ಸೂಪಿನ ಜೊತೆ ತುಂಡನ್ನೂ ಕೊಡಿ. ಕೆಲವು ಮನೆಗಳಲ್ಲಿ ಬಾಣಂತಿಗೆ ಮಾಂಸ ಜೀರ್ಣ ಆಗಲ್ಲ, ಮಗುವಿಗೆ ಹೊಟ್ಟೆನೋವು ಬರುತ್ತೆ ಅಂತ ತಿಂಗಳುಗಟ್ಟಲೆ ಬರೀ ಅನ್ನ, ಬೆಳ್ಳುಳ್ಳಿ, ಮೆಣಸಿನ ಸಾರು ಕೊಡುತ್ತಾರೆ. ಹೆರಿಗೆಯಲ್ಲಿ ರಕ್ತ ಕಳೆದುಕೊಂಡವಳಿಗೆ ಅತಿ ಹೆಚ್ಚು ಬೇಕಾದ ಆಹಾರವನ್ನೇ ತಪ್ಪಿಸಿದ ಹಾಗೆ ಆಗುತ್ತದೆ. ಮೆತ್ತಗೆ ಬೇಯಿಸಿ ಕೊಟ್ಟರೆ ಯಾವ ತೊಂದರೆಯೂ ಇಲ್ಲ.

ಬೇಯಿಸುವಾಗ ಗಮನಿಸಬೇಕಾದದ್ದು

ಬೇಯಿಸಿದರೆ ಕಬ್ಬಿಣಾಂಶ, ಪ್ರೋಟೀನ್ ಹಾಳಾಗುವುದಿಲ್ಲ. ಕೆಲವು ಬಿ ಜೀವಸತ್ವಗಳು ನೀರಿಗೆ ಇಳಿಯುತ್ತವೆ. ಆದ್ದರಿಂದ ಮಾಂಸ ಬೇಯಿಸಿದ ನೀರನ್ನು ಚೆಲ್ಲಬೇಡಿ, ಅದರಲ್ಲೇ ಸಾರು ಮಾಡಿ. ಮಾಂಸ ಒಳಗಿನವರೆಗೂ ಚೆನ್ನಾಗಿ ಬೇಯಬೇಕು. ಕುಕ್ಕರ್ ಇದ್ದರೆ ಸೌದೆ, ಗ್ಯಾಸ್ ಎರಡೂ ಉಳಿತಾಯ. ಹಸಿ ಮಾಂಸ ಕತ್ತರಿಸಿದ ಚಾಕು, ಮಣೆಯನ್ನು ಸೋಪು ಹಾಕಿ ತೊಳೆಯದೆ ಅದರಲ್ಲೇ ಸೌತೆಕಾಯಿ, ಈರುಳ್ಳಿ ಹೆಚ್ಚಬೇಡಿ. ಕೈ ಸೋಪಿನಲ್ಲಿ ತೊಳೆಯಿರಿ. ರಾತ್ರಿ ಉಳಿದ ಸಾರನ್ನು ಹೊರಗೆ ಇಟ್ಟು ಬೆಳಿಗ್ಗೆ ಸ್ವಲ್ಪ ಬೆಚ್ಚಗೆ ಮಾಡಿ ಉಣ್ಣುವುದು ಅಪಾಯ. ಆ ಬೆಳಗಿನ ಸಾರು ಉಣ್ಣುವವರು ಯಾರು? ನಾವೇ ತಾನೇ. ಫ್ರಿಜ್ ಇಲ್ಲದಿದ್ದರೆ ಅಂದಿನದು ಅಂದೇ ಮುಗಿಸುವಷ್ಟು ಮಾಡೋಣ.

ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವವರು ಕೊಬ್ಬು ತೆಗೆದು, ಎಣ್ಣೆ ಉಪ್ಪು ಕಡಿಮೆ ಹಾಕಿ, ಮಿತವಾಗಿ ತಿನ್ನಬೇಕು. ಕುರಿಯ ಕೊಬ್ಬು ಒಳ್ಳೆಯದು ಅಂತ ಹುರಿದು ತಿನ್ನುವುದು ಅವರಿಗೆ ಸರಿಯಲ್ಲ. ಸಾರು ತಣ್ಣಗಾದ ಮೇಲೆ ಮೇಲೆ ಕಟ್ಟುವ ಕೊಬ್ಬಿನ ಕೆನೆ ತೆಗೆದುಬಿಡಿ. ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳಿಯೇ ತಿನ್ನಬೇಕು. ಯಾರೂ ದಿನಾ ಮಟನ್ ತಿನ್ನಬೇಕು ಅಂತ ನಾವು ಹೇಳುತ್ತಿಲ್ಲ. ವಾರಕ್ಕೆ ಒಮ್ಮೆ, ಹದಿನೈದು ದಿನಕ್ಕೆ ಒಮ್ಮೆ ಮಾಡಿದರೂ ಸಾಕು. ಮಾಡಿದ ದಿನ ಎಲ್ಲರಿಗೂ ಬರಲಿ.

ಮಾಂಸ ತಿನ್ನದ ಸಹೋದರಿಯರಿಗೆ

ನಮ್ಮ ಸಂಘಗಳಲ್ಲಿ ಎಲ್ಲಾ ಜಾತಿ ಧರ್ಮದವರು ಇದ್ದೇವೆ. ಮಾಂಸ ತಿನ್ನದವರೂ ಇದ್ದಾರೆ. ಅವರವರ ಆಚಾರಕ್ಕೆ ಗೌರವ ಕೊಡೋಣ. ಅವರು ಹುರುಳಿ, ಹೆಸರು, ಕಡಲೆ ಕಾಳುಗಳನ್ನು ಮೊಳಕೆ ಕಟ್ಟಿ ಬಳಸಬೇಕು. ಮೊಳಕೆ ಬಂದರೆ ಕಬ್ಬಿಣ ಹೆಚ್ಚು ಮೈಗೆ ಹತ್ತುತ್ತದೆ. ಸೊಪ್ಪಿನ ಪಲ್ಯಕ್ಕೆ ನಿಂಬೆರಸ ತಪ್ಪಿಸಬೇಡಿ. ಹಾಲು, ಮೊಸರು, ಮಜ್ಜಿಗೆ ದಿನಾ ಇರಲಿ, ಇಲ್ಲದಿದ್ದರೆ ಬಿ-12 ಸಿಗುವುದಿಲ್ಲ. ಹಾಲು ಮಾರುವ ಮನೆಯಲ್ಲೇ ಹೆಂಗಸರಿಗೆ ಒಂದು ಲೋಟ ಹಾಲು ಸಿಗದಿರುವುದನ್ನು ನೋಡಿದ್ದೇವೆ. ತಟ್ಟೆಯಲ್ಲಿ ಮಾಂಸ ಇರಲಿ, ಹಾಲು ಇರಲಿ, ಮೊಟ್ಟೆ ಇರಲಿ, ಪಾಲಿನ ಪ್ರಶ್ನೆ ಒಂದೇ.

ಆಹಾರ ಒಂದೇ ಸಾಲದು

ಹಿಮೋಗ್ಲೋಬಿನ್ ತುಂಬಾ ಕಡಿಮೆ ಇದ್ದರೆ ಊಟದಿಂದಲೇ ಸರಿಮಾಡುತ್ತೇವೆ ಅಂತ ಕೂರಬಾರದು. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಒಂದು ಕಬ್ಬಿಣದ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಅಷ್ಟನ್ನು ಮಟನ್‌ನಿಂದ ಪಡೆಯಬೇಕಾದರೆ ಎರಡು ಮೂರು ಕಿಲೋ ಬೆಂದ ಮಾಂಸ ತಿನ್ನಬೇಕಾಗುತ್ತದೆ, ಆಗುವ ಮಾತಲ್ಲ. 2018ರಲ್ಲಿ ಆರಂಭವಾದ ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮದಡಿ ಬಸುರಿಯರು ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ ಈ ಮಾತ್ರೆ ತೆಗೆದುಕೊಳ್ಳಬೇಕು. ಹದಿಹರೆಯದ ಹೆಣ್ಣುಮಕ್ಕಳಿಗೆ ವಾರಕ್ಕೊಂದು ನೀಲಿ ಮಾತ್ರೆ ಇದೆ. ಮಾತ್ರೆ ತಿಂದರೆ ಮಲ ಕಪ್ಪಾಗುತ್ತದೆ, ಹೆದರಬೇಡಿ. ಹೊಟ್ಟೆ ತೊಳಸಿದ ಹಾಗೆ ಆದರೆ ರಾತ್ರಿ ಊಟದ ನಂತರ ತೆಗೆದುಕೊಳ್ಳಿ. ಕ್ಯಾಲ್ಸಿಯಂ ಮಾತ್ರೆ, ಟೀ ಜೊತೆ ಬೇಡ. ಮಾತ್ರೆಯನ್ನು ತಂದು ಹಂಚಿನ ಸಂದಿಯಲ್ಲಿ ಸಿಕ್ಕಿಸಿಡುವುದು ಖಂಡಿತ ಬೇಡ!

ಮಕ್ಕಳಿಗೆ ಫೆಬ್ರವರಿ ಮತ್ತು ಆಗಸ್ಟ್‌ನಲ್ಲಿ ಶಾಲೆ, ಅಂಗನವಾಡಿಯಲ್ಲಿ ಕೊಡುವ ಜಂತುಹುಳುವಿನ ಮಾತ್ರೆ ತಪ್ಪಿಸಬೇಡಿ. ಹೊಟ್ಟೆಯಲ್ಲಿ ಹುಳ ಇದ್ದರೆ ನಾವು ಹಾಕಿದ ತುಂಡಿನ ಸತ್ವ ಹುಳದ ಪಾಲಾಗುತ್ತದೆ. ಮುಟ್ಟಿನಲ್ಲಿ ಅತಿಯಾಗಿ ರಕ್ತ ಹೋಗುತ್ತಿದ್ದರೆ ನಾಚಿಕೊಳ್ಳದೆ ವೈದ್ಯರಿಗೆ ತೋರಿಸಿ. ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ, ಮೆಗ್ಗಾನ್ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುತ್ತಾರೆ.

ಯೇಸುಸ್ವಾಮಿ ಮರೆಯದ ಮಾತು

ಸಂತ ಮಾರ್ಕನ ಶುಭಸಂದೇಶದ ಐದನೇ ಅಧ್ಯಾಯದಲ್ಲಿ ಇಬ್ಬರು ಹೆಣ್ಣುಮಕ್ಕಳ ಕಥೆ ಒಟ್ಟಿಗೆ ಬರುತ್ತದೆ. ಒಬ್ಬಳು ಹನ್ನೆರಡು ವರ್ಷದಿಂದ ರಕ್ತಸ್ರಾವದಿಂದ ನರಳುತ್ತಿದ್ದವಳು. ಇದ್ದಬದ್ದ ಹಣವನ್ನೆಲ್ಲಾ ವೈದ್ಯರಿಗೆ ಸುರಿದಿದ್ದಳು, ಗುಣ ಆಗಿರಲಿಲ್ಲ. ಇನ್ನೊಬ್ಬಳು ಯಾಯೀರನ ಮಗಳು, ಹನ್ನೆರಡು ವರ್ಷದ ಹುಡುಗಿ. ಅವಳು ಸತ್ತಳು ಎಂದು ಮನೆಯವರೆಲ್ಲಾ ಅಳುತ್ತಿದ್ದಾಗ ಯೇಸುಸ್ವಾಮಿ ಹೋಗಿ ಕೈಹಿಡಿದು ಎಬ್ಬಿಸಿದರು. ಎಲ್ಲರೂ ಬೆರಗಾಗಿ ನಿಂತಿದ್ದರು. ಆಗ ಸ್ವಾಮಿ ಮನೆಯವರಿಗೆ ಹೇಳಿದ್ದೇನು ಗೊತ್ತಾ? ಆ ಹುಡುಗಿಗೆ ಊಟ ಕೊಡಿ ಅಂತ. ಅಷ್ಟು ದೊಡ್ಡ ಅದ್ಭುತದ ಮಧ್ಯದಲ್ಲೂ ಹೆಣ್ಣುಮಗುವಿನ ಹಸಿವು ಅವರಿಗೆ ನೆನಪಿತ್ತು. ಮುಟ್ಟು ಶುರುವಾಗುವ ವಯಸ್ಸಿನ ಹುಡುಗಿ ಅವಳು. ನಮ್ಮ ಮನೆಯಲ್ಲಿ ಆ ವಯಸ್ಸಿನ ಮಗಳಿಗೆ ಎರಡು ತುಂಡು, ಅಣ್ಣನಿಗೆ ಐದು.

ಹಳೆಯ ಒಡಂಬಡಿಕೆಯ ವಿಮೋಚನಾಕಾಂಡದಲ್ಲಿ ಪಾಸ್ಖದ ಕುರಿಮರಿಯ ವಿಷಯ ಓದಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಮರಿ ಕುರಿಯದೂ ಆಗಬಹುದು, ಮೇಕೆಯದೂ ಆಗಬಹುದು. ಮನೆಗೊಂದು ಮರಿ, ಮನೆಯವರು ಕಡಿಮೆ ಇದ್ದರೆ ನೆರೆಮನೆಯವರ ಜೊತೆ ಸೇರಿ ಒಂದು. ಎಷ್ಟು ಜನ ಇದ್ದಾರೆ, ಒಬ್ಬೊಬ್ಬರು ಎಷ್ಟು ತಿನ್ನುತ್ತಾರೆ ಅಂತ ಲೆಕ್ಕ ಹಾಕಿ ಮರಿ ಗೊತ್ತುಮಾಡಬೇಕಿತ್ತು. ಬಿಡುಗಡೆಯ ದಾರಿ ಹಿಡಿಯುವ ಮುಂಚೆ ಎಲ್ಲರ ಹೊಟ್ಟೆಯ ಲೆಕ್ಕ ಆಯಿತು. ನಡೆಯಬೇಕಾದವರು ಎಲ್ಲರೂ ತಾನೇ.

ಗುಡ್ಡೆ ಮಾಂಸದ ನ್ಯಾಯ

ಈ ನ್ಯಾಯ ನಮಗೆ ಹೊಸದಲ್ಲ. ಬೆಂಗಳೂರು, ಮಂಡ್ಯ, ರಾಮನಗರದ ಕಡೆ ಯುಗಾದಿಯ ಮಾರನೇ ದಿನ ಹೊಸತೊಡಕು ಮಾಡುತ್ತಾರೆ. ಅದಕ್ಕೆ ವರ್ಷವೆಲ್ಲಾ ಚೀಟಿ ಹಾಕಿ ದುಡ್ಡು ಕೂಡಿಸಿ, ಒಟ್ಟಿಗೆ ಕುರಿ ಮೇಕೆ ತಂದು, ಗುಡ್ಡೆ ಮಾಂಸ ಅಂತ ಪಾಲು ಹಾಕುತ್ತಾರೆ. ಪ್ರತಿ ಗುಡ್ಡೆಗೂ ಸ್ವಲ್ಪ ತೊಡೆ, ಸ್ವಲ್ಪ ಮೂಳೆ, ಒಂದು ಚೂರು ಲಿವರ್. ಒಂದು ಗುಡ್ಡೆಗೆ ಒಂದು ತುಂಡು ಕಡಿಮೆ ಬಿದ್ದರೂ ಜಗಳವೇ ಆಗುತ್ತದೆ. ಅಷ್ಟು ಕಟ್ಟುನಿಟ್ಟು. ನಮ್ಮ ಸಂಘದ ಉಳಿತಾಯವೂ ಹಾಗೇ ಅಲ್ಲವೇ? ಎಲ್ಲರದ್ದೂ ಸಮ, ಎಲ್ಲರಿಗೂ ಸಮ.

ಆದರೆ ಗುಡ್ಡೆ ಮನೆಯ ಹೊಸಿಲು ದಾಟಿದ ಮೇಲೆ ಆ ನ್ಯಾಯ ಎಲ್ಲಿ ಹೋಗುತ್ತದೆ? ಹೊರಗೆ ಒಂದು ತುಂಡಿಗೆ ಜಗಳ ಆಡುವ ಮನೆಯಲ್ಲೇ ಒಳಗೆ ಒಬ್ಬಳಿಗೆ ಪಾಲೇ ಇಲ್ಲ, ಅದನ್ನು ಕೇಳುವವರೂ ಇಲ್ಲ. ಇದರಲ್ಲಿ ಗಂಡಸರನ್ನೇ ದೂರಿ ಪ್ರಯೋಜನ ಇಲ್ಲ. ಎಷ್ಟೋ ಮನೆಗಳಲ್ಲಿ ಅವರಿಗೆ ಗೊತ್ತೇ ಇರುವುದಿಲ್ಲ. ಸೌಟು ಇರುವುದು ನಮ್ಮ ಕೈಯಲ್ಲಿ. ಅತ್ತೆಯಾಗಿ ಸೊಸೆಗೆ, ತಾಯಿಯಾಗಿ ಮಗಳಿಗೆ ಕಡಿಮೆ ಬಡಿಸುವವರೂ ನಾವೇ. ತ್ಯಾಗ ದೊಡ್ಡ ಗುಣ, ನಿಜ. ತಪಸ್ಸುಕಾಲದಲ್ಲಿ ನಾವು ಮನಸಾರೆ ಮಾಂಸ ಬಿಡುತ್ತೇವೆ, ಅದು ನಾವೇ ಆರಿಸಿಕೊಂಡ ಉಪವಾಸ. ಆದರೆ ವರ್ಷಪೂರ್ತಿ ಒಬ್ಬಳ ತಟ್ಟೆ ಮಾತ್ರ ಖಾಲಿ ಇದ್ದರೆ ಅದನ್ನು ಉಪವಾಸ ಅನ್ನಲಾಗದು. ತಾಯಿ ಬಿದ್ದರೆ ಮನೆ ಬೀಳುತ್ತದೆ.

ಈ ತಿಂಗಳು ಮಾಡೋಣ

ಮೂರು ಸಣ್ಣ ಕೆಲಸಗಳನ್ನು ಪ್ರತಿ ಸಂಘವೂ ಕೈಗೆತ್ತಿಕೊಳ್ಳಲಿ ಎಂದು ಕೇಳುತ್ತೇವೆ.

ಒಂದು, ಮುಂದಿನ ಸಭೆಯ ಒಳಗೆ ಎಲ್ಲಾ ಸದಸ್ಯರೂ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳಬೇಕು. ನಿಮ್ಮ ಅಂಕಿಯನ್ನು ನಿಮ್ಮ ಉಳಿತಾಯದ ಪಾಸ್‌ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಟ್ಟುಕೊಳ್ಳಿ. ಅದೂ ಒಂದು ಉಳಿತಾಯವೇ. 12ಕ್ಕಿಂತ ಕಡಿಮೆ ಇದ್ದವರು, ಬಸುರಿಯರಾದರೆ 11ಕ್ಕಿಂತ ಕಡಿಮೆ ಇದ್ದವರು, ಆಶಾ ಕಾರ್ಯಕರ್ತೆಯ ಜೊತೆ ಹೋಗಿ ಚಿಕಿತ್ಸೆ ಶುರುಮಾಡಬೇಕು. ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ.

ಎರಡು, ಮನೆಯಲ್ಲಿ ಮಾಂಸ, ಮೊಟ್ಟೆ, ಮೀನು ಏನೇ ಮಾಡಿದರೂ ಬಡಿಸುವ ಮುಂಚೆ ಎಲ್ಲರ ಪಾಲನ್ನೂ ತೆಗೆದಿಡಿ. ನಿಮ್ಮ ಪಾಲನ್ನು ಬೇರೆ ಬಟ್ಟಲಿಗೆ ಹಾಕಿ ಮುಚ್ಚಿಡಿ. ಕೊನೆಗೆ ಉಳಿದರೆ ನೋಡೋಣ ಅಂದರೆ ಅದು ಉಳಿಯುವುದೇ ಇಲ್ಲ. ಸಾಧ್ಯವಾದರೆ ವಾರಕ್ಕೆ ಒಂದು ದಿನವಾದರೂ ಎಲ್ಲರೂ ಒಟ್ಟಿಗೆ ಕೂತು ಉಣ್ಣಿ. ಪಾತ್ರೆ ನಡುವೆ ಇರಲಿ.

ಮೂರು, ಗುಂಪಾಗಿ ಚೀಟಿ ಹಾಕುವ ಸಂಘಗಳು ಕ್ರಿಸ್ಮಸ್‌ಗೋ, ಪಾಸ್ಖ ಹಬ್ಬಕ್ಕೋ, ಯುಗಾದಿಗೋ, ಬಕ್ರೀದ್‌ಗೋ ಗುಡ್ಡೆ ಮಾಂಸದ ಹಾಗೆ ಒಟ್ಟಿಗೆ ಕೊಂಡು ಹಂಚಿಕೊಳ್ಳಬಹುದು. ಜೊತೆಗೆ ಓಣಿಯಲ್ಲಿ ಬಸುರಿ ಬಾಣಂತಿಯರಿದ್ದರೆ ಅವರಿಗೆ ಒಂದು ಪಾಲು ಹೆಚ್ಚು ಎತ್ತಿಡಿ. ಅವರಿಗಾಗಿ ಸರ್ಕಾರ 2017ರ ಅಕ್ಟೋಬರ್ 2ರಂದು ಆರಂಭಿಸಿದ ಮಾತೃಪೂರ್ಣ ಯೋಜನೆಯಡಿ ಅಂಗನವಾಡಿಯಲ್ಲಿ ಏನು ಸಿಗುತ್ತದೆ ಎಂದು ವಿಚಾರಿಸಿ, ಅದು ಅವರಿಗೆ ತಲುಪುವ ಹಾಗೆ ನೋಡಿಕೊಳ್ಳಿ.

ಮೊದಲು ಹೇಳಿದ ಆ ಸಹೋದರಿಯ ಮಾತು ಹೇಳಿ ಮುಗಿಸುತ್ತೇವೆ. ಆಕೆ ಮಾತ್ರೆ ಶುರುಮಾಡಿದರು, ಊಟವನ್ನೂ ಸರಿಮಾಡಿಕೊಂಡರು. ಕೆಲವು ತಿಂಗಳ ನಂತರ ಸಭೆಗೆ ಬಂದಾಗ ನಾವು, “ಹೇಗಿದ್ದೀರಿ?” ಅಂತ ಕೇಳಿದೆವು. “ರಕ್ತ ಹತ್ತಕ್ಕೆ ಬಂದಿದೆ” ಅಂದರು. ಆಮೇಲೆ ದನಿ ತಗ್ಗಿಸಿ, “ಮೊನ್ನೆ ಮಟನ್ ಮಾಡಿದ ದಿನ ನನ್ನ ಬಟ್ಟಲು ಮೊದಲೇ ಎತ್ತಿಟ್ಟೆ. ನಮ್ಮ ಮನೆಯವರು ನೋಡಿ, ‘ಅದ್ಯಾರಿಗೆ?’ ಅಂತ ಕೇಳಿದ್ರು. ‘ನನಗೆ’ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ತಟ್ಟೆಯಿಂದ ಇನ್ನೊಂದು ತುಂಡು ತೆಗೆದು ಅದಕ್ಕೆ ಹಾಕಿದ್ರು” ಅಂದರು.

ಸಹೋದರಿಯರೇ, ಇವತ್ತು ಮನೆಗೆ ಹೋಗಿ ನಮ್ಮ ನಮ್ಮ ಬಟ್ಟಲನ್ನು ಹುಡುಕಿಟ್ಟುಕೊಳ್ಳೋಣ. ದೇವರು ನಮ್ಮೆಲ್ಲರ ಮನೆಗಳನ್ನು ಹರಸಲಿ.